ಯಾರೂ ಕೇಳದ ವೀಸಾ

"ಅಜ್ಜಿ, ನೀವು ಬೆರಳಚ್ಚು ಕೊಟ್ಟಿದ್ದು ಎಲ್ಲಿ?"

ಅನುಪಮಾ ಕೇಳಿದ್ದು ಹಿರಿಯ ಹಾಡುಗಾರ್ತಿ ದೊಡ್ಡಮ್ಮನನ್ನು. ಅವಳ ಕಣ್ಣು ಮಾತ್ರ ಮೇಜಿನಾಚೆ ಕೂತಿದ್ದ ಮಹೇಂದ್ರನ ಕೈಮೇಲಿತ್ತು. ಅಷ್ಟು ಹೊತ್ತೂ ಪೆನ್ನೊಂದನ್ನು ತಿರುಗಿಸುತ್ತಿದ್ದ ಆ ಕೈ ಈಗ ಗಕ್ಕನೆ ನಿಂತಿತು.

"ಇಲ್ಲೇ ಕಣವ್ವ," ಎಂದರು ದೊಡ್ಡಮ್ಮ. "ಇದೇ ಮೇಜಿನ ಮೇಲೆ ಒಂದು ಕರೀ ಡಬ್ಬಿ ಇತ್ತು. ಹೆಬ್ಬೆಟ್ಟು ಮಡಗಿ ಅಂದ್ರು, ಮಡಗ್ದೆ. ಕೆಂಪು ದೀಪ ಹತ್ಕೊಂತು. ರೇಷನ್ ಅಂಗಡೀಲೂ ಅಂಗೇ ಅಲ್ವಾ? ಊದುಬತ್ತಿ ಹೊಸ್ದು ಹೊಸ್ದು ನನ್ ಬೆರಳಲ್ಲಿ ಗೆರೆ ಎಲ್ಲುಳ್ದವೆ?"

"ಬೆಂಗಳೂರಿಗೆ ಹೋಗ್ಲೇ ಇಲ್ವಾ?"

"ಮಿಕ್ಕ ಐದು ಜನ ಹೋದ್ರು. ನಿಮ್ಗೆ ವಯಸ್ಸಾಗದೆ, ನಿಮ್ದು ಇಲ್ಲೇ ಮುಗ್ಸ್‌ಬುಡ್ತೀನಿ ಅಂದ್ರು ಇವ್ರು."

ಫ್ರಾನ್ಸಿನ ಲಿಯೋನ್ ಊರಿನ ಸಂಗೀತ ಉತ್ಸವಕ್ಕೆ ಹೊರಟಿದ್ದ ಆರು ಜನರ ತಂಬೂರಿ ತಂಡದಲ್ಲಿ ಐವರಿಗೆ ವೀಸಾ ಬಂದು, ತಂಡ ಕಟ್ಟಿದ ದೊಡ್ಡಮ್ಮನಿಗೇ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಹಿಡಿದು ಖಾಸಗಿ ಪತ್ತೇದಾರಿ ಅನುಪಮಾ ಮೈಸೂರಿನ ಜಯಲಕ್ಷ್ಮಿಪುರಂನಲ್ಲಿದ್ದ ಮಹೇಂದ್ರನ ಈ ಟ್ರಾವೆಲ್ಸ್ ಕಚೇರಿಯ ಮೆಟ್ಟಿಲು ಹತ್ತಿದ್ದಳು. ಜೊತೆಯಲ್ಲಿ ದೊಡ್ಡಮ್ಮ, ಅವರ ಅಣ್ಣನ ಮಗ ಮನೋಹರ್. ತಂಡದಲ್ಲಿ ದಮ್ಮಡಿ ಬಾರಿಸುವ ಮನೋಹರ್ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಮುಷ್ಟಿ ಬಿಗಿದಿದ್ದ.

ಮಹೇಂದ್ರ ನಕ್ಕ. ಇಸ್ತ್ರಿ ಮಾಡಿದ ಅಂಗಿಯಷ್ಟೇ ನಯವಾದ ನಗು.

"ಹಿರಿಯರಿಗೆ ಅಂತಾನೇ ಸೌಲಭ್ಯ ಇದೆ ಮೇಡಂ. ಅವರು ಇದ್ದ ಕಡೆಗೇ ಬಂದು ಬೆರಳಚ್ಚು ತಗೋತಾರೆ. ನಾವು ಸ್ವಲ್ಪ ಎಕ್ಸ್‌ಟ್ರಾ ಸರ್ವೀಸ್ ಕೊಡ್ತೀವಿ ಅಷ್ಟೆ."

"ಇದೆ. ಆದ್ರೆ ಬರೋರು ವೀಸಾ ಕೇಂದ್ರದವರು. ತಮ್ಮ ಯಂತ್ರ ತರ್ತಾರೆ, ಹತ್ತೂ ಬೆರಳು ತಗೋತಾರೆ, ಫೋಟೋ ತೆಗೀತಾರೆ. ಬರೀ ಹೆಬ್ಬೆಟ್ಟು ಕೇಳೋದು ರೇಷನ್ ಅಂಗಡಿ, ಸಿಮ್ ಕಾರ್ಡ್ ಅಂಗಡಿ. ಎಲ್ಲಿ, ಆ ಕಪ್ಪು ಡಬ್ಬಿ ತೋರ್ಸಿ."

"ಅದು... ರಿಪೇರಿಗೆ ಹೋಗಿದೆ."

"ಬೆರಳು ಸವೆದವರಿಗೆ ವೀಸಾ ಕೊಡಲ್ಲ ಅಂತ ಯಾವ ದೇಶದಲ್ಲೂ ಇಲ್ಲ ಮಹೇಂದ್ರ ಅವರೇ. ಬೆರಳಚ್ಚು ಬರ್ತಿಲ್ಲ ಅಂತ ಅವರೇ ಬರ್ಕೊಂಡು ಅರ್ಜಿ ಮುಂದಕ್ಕೆ ಕಳಿಸ್ತಾರೆ."

"ಅಯ್ಯೋ, ಆ ಕಾರಣಕ್ಕೆ ರಿಜೆಕ್ಟ್ ಆಗಿದ್ದಲ್ಲ ಮೇಡಂ." ಮಹೇಂದ್ರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಈ ಉತ್ತರ ಅವನಿಗೆ ರೂಢಿಯಾಗಿತ್ತು. "ಇವರಿಗೆ ಆಸ್ತಿ ಇಲ್ಲ, ಸಂಬಳ ಇಲ್ಲ. ಹೋದವರು ವಾಪಸ್ ಬರ್ತಾರೆ ಅನ್ನೋ ನಂಬಿಕೆ ಅವರಿಗೆ ಬರ್ಲಿಲ್ಲ. ಅಜ್ಜಿಗೆ ಆವತ್ತೇ ಹೇಳಿದೀನಿ."

ದೊಡ್ಡಮ್ಮನ ಬೆನ್ನು ನೆಟ್ಟಗಾಯಿತು.

ಆ ಮಾತೇ ಅವರನ್ನು ಚುಚ್ಚಿದ್ದು. ಹೋದ ವಾರ ರಾಜೀವನಗರದ ಅನುಪಮಾಳ ಮನೆ ಜಗುಲಿಯ ಮೇಲೆ ಬಂದು ಕೂತವರು ವೀಸಾ ಕೊಡಿಸು ಎಂದು ಕೇಳಿರಲಿಲ್ಲ. "ದೊಡ್ಡಮ್ಮ ಹೋದ್ರೆ ಹಿಂದಕ್ಕೆ ಬರಾಕಿಲ್ಲ ಅಂತ ಯಾರೋ ಬರ್ದವ್ರಂತೆ. ಬರ್ದೋರು ಯಾರು ಅಂತ ತೋರ್ಸು ಮಗಳೇ, ಅಷ್ಟು ಸಾಕು. ಗುರುವಿನ ಹೆಸ್ರೇಳಿ ಹಿಡ್ದ ತಂಬೂರಿ ಇದು. ಇದ್ನ ತಕ್ಕೊಂಡೋಗಿ ಪರದೇಶ್ದಲ್ಲಿ ತಲೆ ಮರೆಸ್ಕತೀನಾ ನಾನು?" ಎಂದಿದ್ದರು. ಕಣ್ಣಲ್ಲಿ ನೀರಿರಲಿಲ್ಲ. ಇದ್ದದ್ದು ಕೆಂಡ.

ಅನುಪಮಾಳಿಗೆ ಇಲ್ಲವೆನ್ನಲು ಆಗಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಡೀ ಬೀದಿ ಸದ್ದಡಗಿಸಿ ಕೇಳುತ್ತಿದ್ದದ್ದು ದೊಡ್ಡಮ್ಮನ ತಂಬೂರಿ ಪದ. ಅವಳು ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆ ಪಾಸಾದ ದಿನ ಮನೆ ಮುಂದೆ ನಿಂತು ಹಾಡಿ ಹರಸಿದವರು ದೊಡ್ಡಮ್ಮ. ಆ ಕೆಲಸ ಬಿಟ್ಟು ಸ್ವಂತ ಕಚೇರಿ ತೆರೆದಾಗ ನೆಂಟರೆಲ್ಲ ಮೂಗು ಮುರಿದರೂ, "ನಮ್ ಬೀದಿ ಹುಡುಗಿಗೆ ಈಗ ಮೇಲಾಫೀಸರೇ ಇಲ್ಲ ಕಣ್ರೋ" ಎಂದು ಹೆಮ್ಮೆಪಟ್ಟವರೂ ಅವರೇ.

ಈ ದಿನ ಬೆಳಿಗ್ಗೆ ಕಾರಿನಲ್ಲಿ ಬರುವಾಗ ದೊಡ್ಡಮ್ಮ ಕೇಳಿದ್ದರು: "ಪಾಸ್‌ಪೋರ್ಟು ಅಂತ ಪುಸ್ತಕ ಕೊಟ್ಟವ್ರಲ್ಲ ಸರ್ಕಾರದೋರು. ಮತ್ತೆ ಈ ವೀಸಾ ಅಂದ್ರೆ ಏನವ್ವ?"

"ನೀವು ಯಾರು ಅಂತ ನಮ್ಮೋರು ಹೇಳೋದು ಪಾಸ್‌ಪೋರ್ಟು. ಒಳಗೆ ಬನ್ನಿ ಅಂತ ಅವರು ಹೇಳೋದು ವೀಸಾ. ನಿಮ್ಮದು ಸ್ವಲ್ಪ ದಿನದ್ದು. ನೆಂಟರ ಮನೆಗೆ ಹೋಗ್ತೀವಲ್ಲ, ಹಂಗೆ. ಮೂರು ತಿಂಗಳು ಮೀರಂಗಿಲ್ಲ, ಅಲ್ಲಿ ನೌಕರಿಗೆ ಸೇರಂಗಿಲ್ಲ, ಮನೆ ಹೂಡಂಗಿಲ್ಲ. ಯಾರು ಕರೆದ್ರು, ಎಲ್ಲಿ ಇರ್ತೀರಿ, ಖರ್ಚು ಯಾರದ್ದು, ಕಾಯಿಲೆ ಬಿದ್ರೆ ವಿಮೆ ಇದೆಯಾ, ವಾಪಸ್ ಬರೋದಕ್ಕೆ ನಿಮಗೆ ಇಲ್ಲಿ ಏನಿದೆ, ಇಷ್ಟು ಕೇಳ್ತಾರೆ."

"ಕೇಳ್ಲಿ. ಮನೆಗೆ ಬರೋರ್ನ ಯಾರು ಏನು ಅಂತ ಕೇಳೋದು ತಪ್ಪಲ್ಲ." ದೊಡ್ಡಮ್ಮ ಕಿಟಕಿಯಾಚೆ ನೋಡಿದ್ದರು. "ಇಲ್ಲಿ ಏನಿದೆ ಅಂದ್ರೆ? ಈ ಊರೇ ಅದೆ. ಅದ್ನ ಬರಿಯಾಕೆ ಜಾಗ ಕೊಟ್ಟಿಲ್ವಾ ಅವರು?"

ಈಗ ಅದೇ ದೊಡ್ಡಮ್ಮ ಮಹೇಂದ್ರನ ಮುಖವನ್ನು ನೆಟ್ಟ ನೋಟದಿಂದ ನೋಡುತ್ತಿದ್ದರು.

"ಆ ನಿರಾಕರಣೆ ಪತ್ರ ಕೊಡಿ," ಎಂದಳು ಅನುಪಮಾ.

"ಯಾವ ಪತ್ರ?"

"ಫ್ರಾನ್ಸ್ ಸೇರಿರೋ ಷೆಂಗೆನ್ ಕೂಟದ ದೇಶಗಳು ವೀಸಾ ಕೊಡಲ್ಲ ಅಂದಾಗ ಯಾಕೆ ಕೊಡಲ್ಲ ಅಂತ ಬರೆದು ಕೊಡ್ಲೇಬೇಕು. ಅದು ಅವರದೇ ಕಾನೂನು. ಒಪ್ಪಿಗೆ ಇಲ್ಲದಿದ್ರೆ ಮೇಲ್ಮನವಿ ಎಲ್ಲಿಗೆ ಹಾಕ್ಬೇಕು ಅಂತಾನೂ ಅದ್ರಲ್ಲೇ ಇರತ್ತೆ. ಅಜ್ಜಿ ಕೈಗೆ ಪಾಸ್‌ಪೋರ್ಟ್ ಮಾತ್ರ ಬಂದಿದೆ. ಪತ್ರ ಎಲ್ಲಿ?"

"ಅದು ಎಲ್ಲೋ ಮಿಸ್ ಆಗಿದೆ ಮೇಡಂ."

"ಹೋಗ್ಲಿ, ಅರ್ಜಿ ಕೊಟ್ಟ ರಸೀದಿ? ಅದ್ರ ನಂಬರ್ ಇದ್ರೆ ಅರ್ಜಿ ಯಾವತ್ತು ಹೋಯ್ತು, ಯಾವತ್ತು ಬಂತು ಅಂತ ಇಲ್ಲೇ ಫೋನಲ್ಲೇ ನೋಡ್ಬಹುದು. ಮನೋಹರ್, ನಿಮ್ಮ ಐದೂ ಜನರ ರಸೀದಿ ಇದ್ಯಾ?"

"ಐತೆ ಮೇಡಂ. ಎಲ್ರುದೂ ನನ್ ಫೋನಲ್ಲೇ ಫೋಟೋ ಹೊಡ್ಕೊಂಡಿವ್ನಿ."

"ಅಜ್ಜಿದು?"

ಮನೋಹರ್ ಇಲ್ಲವೆಂದು ತಲೆಯಾಡಿಸಿದ. ಮಹೇಂದ್ರ ಎದ್ದು ಹೋಗಿ ಫ್ಯಾನಿನ ವೇಗ ಹೆಚ್ಚಿಸಿ ಬಂದು ಕೂತ. ಬೇಕಿರಲಿಲ್ಲ, ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು.

ಅನುಪಮಾ ಕುರ್ಚಿಯನ್ನು ದೊಡ್ಡಮ್ಮನ ಕಡೆ ತಿರುಗಿಸಿಕೊಂಡಳು.

"ಅಜ್ಜಿ, ಫ್ರಾನ್ಸಿನವರು ನಿಮ್ಮನ್ನ ಬೇಡ ಅಂದಿಲ್ಲ. ನೀವು ವಾಪಸ್ ಬರಲ್ಲ ಅಂತ ಅವರ್ಯಾರೂ ಬರೆದಿಲ್ಲ. ನಿಮ್ಮ ಹೆಸರು ಅವರ ಕಿವಿಗೇ ಬಿದ್ದಿಲ್ಲ. ನಿಮಗೆ ವೀಸಾ ಕೊಡಿ ಅಂತ ಈ ಆಫೀಸಿಂದ ಯಾರೂ ಕೇಳೇ ಇಲ್ಲ."

ದೊಡ್ಡಮ್ಮ ಮಡಿಲಲ್ಲಿದ್ದ ತಂಬೂರಿಯ ಬುರುಡೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದರು. ಅತ್ತುಬಿಡುತ್ತಾರೇನೋ ಎಂದು ಅನುಪಮಾ ಹೆದರಿದಳು. ಆದರೆ ಅವರ ಮುಖದ ಮೇಲೆ ಬಂದದ್ದು ನಿರಾಳ.

"ಅಂಗಾರೆ ಆ ಮಾತು ಅವ್ರದ್ದಲ್ಲ," ಎಂದರು. "ಈ ಅಪ್ಪಂದು. ಸರಿ ಬುಡು. ನಾನು ಸುಮ್ನೆ ಇಡೀ ಒಂದು ದೇಶದ ಮೇಲೆ ಕ್ವಾಪ ಮಾಡ್ಕಂಡಿದ್ದೆ."

ಮನೋಹರ್ ನಕ್ಕುಬಿಟ್ಟ. ಅನುಪಮಾ ನಗಲಿಲ್ಲ. ಅವಳಿಗೆ ಇನ್ನೂ ದೊಡ್ಡ ಪ್ರಶ್ನೆ ಉಳಿದಿತ್ತು.

"ನಿನ್ನೆ ಲಿಯೋನ್ ಊರಿನ ಉತ್ಸವದ ಕಚೇರಿಗೆ ಫೋನ್ ಮಾಡಿದ್ದೆ," ಎಂದಳು ಮಹೇಂದ್ರನ ಕಡೆ ತಿರುಗಿ. "ಮೈಸೂರು ತಂಡದ ಆರೂ ಜನರಿಗೆ ವೀಸಾ ಆಗಿದೆ, ಟಿಕೆಟ್ಟೂ ಆಗಿದೆ ಅಂದ್ರು. ಆರು. ನಮ್ಮ ಲೆಕ್ಕದಲ್ಲಿ ಐದೇ ಜನ. ಆ ಆರನೆಯವರು ಯಾರು?"

ಮಹೇಂದ್ರ ಮೇಜಿನ ಮೇಲಿದ್ದ ಪೆನ್ನನ್ನು ಡ್ರಾಯರಿಗೆ ಹಾಕಿ ಮುಚ್ಚಿದ.

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದುಕೊಂಡಿತು. ಮೂವತ್ತರ ಆಸುಪಾಸಿನ, ಬಿಸಿಲಿಗೆ ಕಂದಿದ ಮುಖದ ಗಟ್ಟಿಮುಟ್ಟಾದ ಯುವಕನೊಬ್ಬ ಒಳಗೆ ಬಂದ. ಕಾಲಲ್ಲಿ ಹೊಚ್ಚಹೊಸ ಶೂ. ನಡೆದರೆ ಕಚ್ಚುತ್ತಿದ್ದವೆಂದು ಕಾಣುತ್ತದೆ, ಹೆಜ್ಜೆ ಎಚ್ಚರದ್ದಾಗಿತ್ತು.

"ಸಾರ್, ಪಾಸ್‌ಪೋರ್ಟ್ ಬಂದೈತೆ ಅಂದ್ರಲ್ಲ, ಇಸ್ಕೊಂಡೋಗಣ ಅಂತ..."

ಮಾತು ಅಲ್ಲಿಗೇ ನಿಂತಿತು. ಅವನ ಕಣ್ಣು ದೊಡ್ಡಮ್ಮನ ಮೇಲೆ ಬಿದ್ದಿತ್ತು. ಎರಡೇ ಹೆಜ್ಜೆಗೆ ಬಂದು ಅವರ ಕಾಲು ಮುಟ್ಟಿದ.

"ಅಮ್ಮಾ, ನೀವು ಹಾಸಿಗೆ ಹಿಡ್ದಿದೀರಿ ಅಂದಿದ್ರು! ನಿಮ್ಮಿಂದ ಆಗಲ್ಲ ಅಂತ, ಅದ್ಕೇ ನನ್ನ..." ಅವನು ತಲೆಯೆತ್ತಿ ಮಹೇಂದ್ರನನ್ನು ನೋಡಿದ. "ಸಾರ್, ಇವ್ರು ಚೆನ್ನಾಗೇ ಇದಾರಲ್ಲ ಸಾರ್?"

"ನಿಮ್ಮ ಹೆಸರು?" ಎಂದಳು ಅನುಪಮಾ.

"ಪ್ರೇಮ್‌ಕುಮಾರ್ ಅಕ್ಕ. ಗೋಕುಲಂನಲ್ಲಿ ಯೋಗ ಶಾಲೆ ರಸ್ತೇಲಿ ಎಳನೀರು ಗಾಡಿ ನಂದೇ."

ಬೆಂಚಿನಿಂದ ಮನೋಹರ್ ಎದ್ದು ನಿಂತ. ಅವನ ದನಿ ಬೀದಿಗೆ ಕೇಳುವಂತಿತ್ತು. "ಎಳನೀರು ಕೊಚ್ಚೋನು ನಮ್ಮತ್ತೆ ಜಾಗದಲ್ಲಿ ಕೂತ್ಕೊಂಡು ತಂಬೂರಿ ನುಡಿಸ್ತಾನಂತಾ? ಲೇ, ಸಿದ್ದಪ್ಪಾಜಿ ಹೆಸ್ರೇಳಿ ಹಾಡೋ ನೀಲಗಾರರ ಪದ ಅಂದ್ರೆ ಏನು ಅಂತ ಗೊತ್ತೇನೋ ನಿಂಗೆ? ಎಷ್ಟು ಕೊಟ್ಟೆ ಇವನಿಗೆ? ಅಲ್ಲಿಗೋಗಿ ಓಡೋಗ್ಬುಡಾದಾ ನಿನ್ ಪ್ಲಾನು?"

"ಮನೋಹರಾ." ದೊಡ್ಡಮ್ಮ ದನಿ ಏರಿಸಲಿಲ್ಲ. "ನಾನು ಊದುಬತ್ತಿ ಹೊಸ್ದೋಳು. ನಿಮ್ಮಪ್ಪ ಕಲ್ಲು ಒಡ್ದೋನು. ಕಸುಬು ನೋಡಿ ಮಾತಾಡ್ಬ್ಯಾಡ. ಕೈ ನೋಡಣ."

ಆಮೇಲೆ ಅವರು ಮಾಡಿದ್ದನ್ನು ಅನುಪಮಾ ಎಣಿಸಿಯೇ ಇರಲಿಲ್ಲ. ದೊಡ್ಡಮ್ಮ ತಂಬೂರಿಯನ್ನು ಮಡಿಲಿಂದೆತ್ತಿ ಪ್ರೇಮ್‌ಕುಮಾರನ ಮುಂದೆ ಚಾಚಿದರು. ಬೀದಿಯ ಮಕ್ಕಳ್ಯಾರೂ ಮುಟ್ಟಲು ಧೈರ್ಯ ಮಾಡದಿದ್ದ ತಂಬೂರಿ ಅದು.

"ನುಡಿಸಪ್ಪ. ನಾಲ್ಕು ಸಾಲು ಸಾಕು."

ಪ್ರೇಮ್‌ಕುಮಾರ್ ಕೈ ಚಾಚಲಿಲ್ಲ. ಮೊದಲು ಹೊಸ ಶೂ ಕಳಚಿ ಹೊರಗಿಟ್ಟು ಬಂದ. ಮೂಲೆಯ ನೀರಿನ ಕ್ಯಾನಿನ ಬಳಿ ಹೋಗಿ ಕೈ ತೊಳೆದುಕೊಂಡ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಎರಡೂ ಕೈಯಲ್ಲಿ ತಂಬೂರಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ.

ಮನೋಹರನ ಬಿಗಿದ ಮುಷ್ಟಿ ಸಡಿಲವಾಯಿತು.

ತಂತಿ ಮಿಡಿಯಿತು. ಒಂದೆರಡು ಸುತ್ತು ತಡಕಾಡಿದ ಬೆರಳು ದಾರಿ ಕಂಡುಕೊಂಡಿತು. ಅವನು ಬಾಯಿ ಬಿಟ್ಟ. ತುಸು ಒರಟು, ಆದರೆ ಸುಳ್ಳಿಲ್ಲದ ದನಿ.

*ಹೊಸ್ತಿಲ ದಾಟಿ ಹೋದ ಗುರುವೇ,*
*ಎಣ್ಣೆ ತೀರೋ ಮುಂಚೆ ಬರುವೆಯಾ...*

"ಬರುವೆಯಾ" ಎಂಬಲ್ಲಿ ಅವನು ಹೆಬ್ಬೆರಳಿನಿಂದ ತಂತಿಯನ್ನು ಒತ್ತಿ ಸದ್ದು ನಿಲ್ಲಿಸಿದ. ಒಂದು ಉಸಿರಿನಷ್ಟು ಹೊತ್ತು ಪೂರ್ತಿ ಮೌನ. ಮತ್ತೆ ತಾಳ ಇನ್ನೇನು ತಪ್ಪಿತು ಎನ್ನುವಾಗ ಮುಂದಿನ ಸಾಲಿಗೆ ಹಾರಿದ.

"ನಿಲ್ಸು."

ದೊಡ್ಡಮ್ಮ ಎದ್ದು ನಿಂತಿದ್ದರು. ಅವರ ತುಟಿ ಬಿಳಿಚಿತ್ತು.

"ಏನಾಯ್ತಜ್ಜಿ?" ಅನುಪಮಾ ಅವರ ತೋಳು ಹಿಡಿದಳು.

"ಈ ಪದ ನಾನು ಕಟ್ಟಿದ್ದು ಕಣವ್ವ. ನಮ್ ಯಜಮಾನ್ರು ತೀರೋದ್ ವರ್ಷ. ಹೊರ್ಗಡೆ ಎಲ್ಲೂ ಹಾಡಿಲ್ಲ. ಮನೇಲಿ ದೀಪದ ಮುಂದೆ ಕೂತಾಗ ಮಾತ್ರ. ಆ ಉಸ್ರು ಕಟ್ಟೋ ಜಾಗ ಐತಲ್ಲ, ತಂತಿ ಒತ್ತಿದ್ನಲ್ಲ ಈಗ, ಅದು ನನ್ನ ಎದೆ ನಿಂತ ಜಾಗ. ಅದ್ನ ಯಾರಿಗೂ ಹೇಳ್ಕೊಟ್ಟಿಲ್ಲ ನಾನು. ಒಬ್ನಿಗೆ ಬುಟ್ಟು."

ಹೆಸರು ಹೇಳುವ ಅಗತ್ಯವಿರಲಿಲ್ಲ. ಎಲ್ಲರೂ ಮನೋಹರನ ಕಡೆ ತಿರುಗಿದರು.

"ಅತ್ತೆ!" ಅವನ ಮುಖ ಕಪ್ಪಿಟ್ಟಿತು. "ಸಿದ್ದಪ್ಪಾಜಿ ಆಣೆ, ಇವನ್ನ ನಾನು ನೋಡಿರೋದೇ ಈಗ. ನಿಮ್ ಪದ ನಾನು ಬೇರೆಯೋರಿಗೆ ಕೊಡ್ತೀನಾ?"

"ಮತ್ತೆ ಇವನಿಗೆ ಎಂಗೆ ಬಂತು?"

"ಅಮ್ಮಾ, ಅವ್ರಿಂದ ಅಲ್ಲ." ಪ್ರೇಮ್‌ಕುಮಾರ್ ನೆಲದ ಮೇಲಿಂದಲೇ ಹೇಳಿದ. ತಂಬೂರಿಯನ್ನು ಮಗುವಿನಂತೆ ಹಿಡಿದುಕೊಂಡಿದ್ದ. "ನಮ್ ತಾತ ತಂಬೂರಿ ಹಿಡೀತಿದ್ರು, ಕೈ ಅವರಿಂದ ಬಂದಿದ್ದು. ಈ ಪದ ಮಾತ್ರ ಫೋನಲ್ಲಿ ನೋಡಿ ಕಲ್ತಿದ್ದು. ಮಹೇಂದ್ರ ಸಾರೇ ಕಳಿಸಿದ್ರು, ಅಲ್ಲಿ ಇದನ್ನೇ ನುಡಿಸ್ಬೇಕು, ಕಲ್ತ್ಕೋ ಅಂತ. ಆ ಫ್ರೆಂಚ್ ಮೇಡಂ ಹಾಡಿರೋದು."

"ಯಾವ ಫ್ರೆಂಚ್ ಮೇಡಂ?"

ಅವನು ಫೋನ್ ತೆಗೆದು ತೋರಿಸಿದ. ಬೆಳಕಿನ ವೇದಿಕೆ. ನೂರಾರು ತಲೆಗಳು. ನಡುವೆ ಬಿಳಿ ಉಡುಪಿನಲ್ಲಿ, ಹೊಂಬಣ್ಣದ ಕೂದಲಿನ ಹೆಣ್ಣೊಬ್ಬಳು ತಂಬೂರಿ ಹಿಡಿದು ಕೂತಿದ್ದಳು.

"ಎಲ್ಲವ್ವ!" ಎಂದರು ದೊಡ್ಡಮ್ಮ.

ಎಲೋಡಿ ಎಂಬ ಹೆಸರು ದೊಡ್ಡಮ್ಮನ ಬಾಯಲ್ಲಿ ಎಲ್ಲವ್ವ ಆಗಿತ್ತು. ಯೋಗ ಕಲಿಯಲೆಂದು ಗೋಕುಲಂಗೆ ಬಂದು, ಯಾರೋ ಹೇಳಿದ ಮಾತು ಕೇಳಿ ರಾಜೀವನಗರದ ದಾರಿ ಹಿಡಿದು, ಒಂದು ಬೇಸಗೆ ಪೂರ್ತಿ ದೊಡ್ಡಮ್ಮನ ಮನೆಯ ಮುದ್ದೆ ಉಂಡು ಪದ ಕೇಳಿದವಳು ಅವಳು. ಲಿಯೋನ್ ಉತ್ಸವಕ್ಕೆ ತಂಡದ ಹೆಸರು ಸೂಚಿಸಿದವಳೂ ಅವಳೇ. ಇಷ್ಟು ಅನುಪಮಾಳಿಗೆ ಮೊದಲೇ ಗೊತ್ತಿತ್ತು. ಅವಳು ವೇದಿಕೆ ಹತ್ತುತ್ತಾಳೆಂಬುದು ಗೊತ್ತಿರಲಿಲ್ಲ.

"ಹಾಡ್ಲಿ ಬುಡು," ದೊಡ್ಡಮ್ಮನ ದನಿ ಮೆತ್ತಗಾಯಿತು. "ನನ್ನ ಕೇಳ್ದೆ ಹಾಡಿದ್ದು ತಪ್ಪು. ಆದ್ರೂ ಕಲ್ತವಳಲ್ಲ ಮಗ. ಸದ್ದು ಜಾಸ್ತಿ ಮಾಡಪ್ಪ, ಎಂಗೆ ಹಾಡವ್ಳೋ ಕೇಳನ."

ಪ್ರೇಮ್‌ಕುಮಾರ್ ಸದ್ದು ಏರಿಸಿದ. ಎಲ್ಲರೂ ಆ ಪುಟ್ಟ ಪರದೆಯ ಮೇಲೆ ಬಾಗಿದರು. ಹೊಸ್ತಿಲು ದಾಟಿದ ಗುರುವನ್ನು ಕರೆಯುವ ಪದ ಕೋಣೆ ತುಂಬಿತು. ಆಳವಾದ, ಅನುಭವದಲ್ಲಿ ಮಾಗಿದ ದನಿ. ಎಲೋಡಿಯ ಕಣ್ಣು ಮುಚ್ಚಿತ್ತು, ತುಟಿ ಪದಕ್ಕೆ ಸರಿಯಾಗಿ ಚಲಿಸುತ್ತಿತ್ತು.

ಅನುಪಮಾ ಮುಖ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿ ಕೇಳಿದಳು. ಉಸಿರು ಕಟ್ಟುವ ಆ ಜಾಗ ಬಂತು. ತಂತಿ ನಿಂತಿತು. ಆ ಮೌನದಲ್ಲಿ, ದೂರದಲ್ಲಿ, ತೀರಾ ಸಣ್ಣಗೆ ಇನ್ನೊಂದು ಸದ್ದಿತ್ತು.

"ಹಿಂದಕ್ಕೆ ಹಾಕಿ. ಅದೇ ಜಾಗ. ಇನ್ನೊಂದ್ಸಲ."

ಮತ್ತೆ ತಂತಿ ನಿಂತಿತು. ಈ ಸಲ ಎಲ್ಲರಿಗೂ ಕೇಳಿಸಿತು. ಯಾರೋ ಹೆಂಗಸು ಬೀದಿಯಲ್ಲಿ ರಾಗವಾಗಿ ಕೂಗಿಕೊಂಡು ಹೋಗುತ್ತಿದ್ದಳು:

"ಸೊಪ್ಪೋ... ದಂಟು, ಕೀರೆ, ಸಬ್ಬಸ್ಸಿಗೆ ಸೊಪ್ಪೋ..."

"ಪುಟ್ಟಬಸಮ್ಮ," ಎಂದ ಮನೋಹರ್, ಬಾಯಿ ಬಿಟ್ಟುಕೊಂಡು. "ನಮ್ ಬೀದಿ ಸೊಪ್ಪಿನ ಪುಟ್ಟಬಸಮ್ಮ."

ಫ್ರಾನ್ಸಿನ ವೇದಿಕೆಯ ಮೇಲೆ ರಾಜೀವನಗರದ ಸೊಪ್ಪಿನವಳು!

ದೊಡ್ಡಮ್ಮ ಫೋನನ್ನು ಪ್ರೇಮ್‌ಕುಮಾರನ ಕೈಯಿಂದ ತೆಗೆದುಕೊಂಡು ಕಿವಿಗಿಟ್ಟುಕೊಂಡರು. ಯಾರೋ ದೂರದ ನೆಂಟರು ಕರೆ ಮಾಡಿದ್ದಾರೇನೋ ಎಂಬಂತೆ, ತಲೆ ಬಾಗಿಸಿ, ಪದ ಮುಗಿಯುವವರೆಗೂ ಕೇಳಿದರು. ಕೊನೆಗೆ ಚಪ್ಪಾಳೆಯ ಸದ್ದು ಭೋರ್ಗರೆಯಿತು.

"ಇದು ಎಲ್ಲವ್ವನ ಗಂಟಲಲ್ಲ," ಎಂದರು. "ನಂದು. ಬಾಯಿ ಅವಳದು, ದನಿ ನಂದು. ಮನೇಲಿ ಕೂತು ಹಾಡಿದ್ನ ಹಿಡ್ಕಂಡು ಅಲ್ಲಿ ಬುಟ್ಟವ್ರೆ."

ದೊಡ್ಡಮ್ಮನ ಬೆನ್ನು ಬಾಗಲಿಲ್ಲ. ಅವರ ಮುಖದಲ್ಲಿ ನೋವಿತ್ತು. ಅದರ ಮೇಲೆ ಇನ್ನೇನೋ ಮೂಡುತ್ತಿತ್ತು.

"ಚಪ್ಪಾಳೆ ಕೇಳಿದ್ಯಾ ಅನು?" ಎಂದರು ಮೆಲ್ಲಗೆ. "ಅಷ್ಟು ಜನವೂ ತಟ್ಟಿದ್ದು ನನ್ನ ದನೀಗೆ. ವೀಸಾ ಇಲ್ದೇನೇ ನನ್ ದನಿ ಆಗ್ಲೇ ಹೋಗ್ ಬಂದ್ಬುಟ್ಟದೆ."

ಅನುಪಮಾಳ ಎದೆ ತುಂಬಿ ಬಂತು. ಈ ಹೆಂಗಸಿನ ಬೀದಿಯಲ್ಲಿ ಹುಟ್ಟಿದೆನಲ್ಲ ಎಂಬ ಹೆಮ್ಮೆ ಅವಳದು. ಅವಳು ಮಹೇಂದ್ರನ ಮೇಜಿನ ಮೇಲೆ ಎರಡೂ ಕೈಯೂರಿದಳು.

"ಈಗ ಅರ್ಥ ಆಯ್ತು. ಆರನೇ ಸೀಟು ಕಿತ್ಕೊಂಡಿದ್ದು ಪ್ರೇಮ್‌ಕುಮಾರನ್ನ ಕಳಿಸೋಕಲ್ಲ. ಅಜ್ಜಿ ಆ ಸೀಟಲ್ಲಿ ಕೂರದಂಗೆ ಮಾಡೋಕೆ, ಅಷ್ಟೆ. ಅಜ್ಜಿ ಆ ವೇದಿಕೆ ಹತ್ತಿ ಬಾಯಿ ಬಿಟ್ಟ ಕ್ಷಣ ಈ ವೀಡಿಯೊದಲ್ಲಿರೋ ದನಿ ಯಾರದು ಅಂತ ಇಡೀ ಲಿಯೋನ್‌ಗೆ ಗೊತ್ತಾಗಿ ಹೋಗ್ತಿತ್ತು. ನಿಮಗೆ ಹೇಳಿದವರು ಯಾರು? ಎಲೋಡೀನಾ?"

ಮಹೇಂದ್ರನ ನಯ ಪೂರ್ತಿ ಕರಗಿತ್ತು. "ಮೇಡಂ, ನಾನು ವೀಸಾ ಕೆಲಸ ಮಾಡೋನು, ಅಷ್ಟೆ. ಅಲ್ಲಿಂದಾನೇ ಹೆಸರು ಬದಲಾಗಿ ಬಂತು. ದೊಡ್ಡಮ್ಮ ಬೇಡ, ಅವರ ಬದಲು ತಂಬೂರಿ ಬರೋ ಇನ್ನೊಬ್ಬರನ್ನ ಹಾಕಿ, ಆಹ್ವಾನ ಪತ್ರ ನಾವು ತಿದ್ದಿ ಕಳಿಸ್ತೀವಿ ಅಂತ. ಅಜ್ಜಿಗೆ ಏನಾದ್ರೂ ಹೇಳಿ ಸಮಾಧಾನ ಮಾಡಿ ಅಂದ್ರು. ಎಲೋಡಿ ಮೇಡಂ ಹತ್ರ ನಾನು ಒಂದ್ಸಲಾನೂ ಮಾತಾಡಿಲ್ಲ. ನಿಜವಾಗ್ಲೂ."

"ಅಂದ್ರು ಅಂದ್ರೆ? ಯಾರು?"

"ಹೆಸರು ಹೇಳ್ಲಿಲ್ಲ. ಫೋನ್ ಮಾಡ್ತಾರೆ. ಇವತ್ತು... ಇವತ್ತೂ ಮಾಡ್ತೀನಿ ಅಂದಿದ್ರು."

"ಮಾಡ್ಲಿ. ಅಲ್ಲೀವರೆಗೂ ನಮ್ಮ ಕೆಲಸ ನಾವು ಮಾಡೋಣ." ಅನುಪಮಾ ದೊಡ್ಡಮ್ಮನ ಕಡೆ ತಿರುಗಿದಳು. "ಅಜ್ಜಿ, ಮೊದಲು ಬಂದ ಆಹ್ವಾನದಲ್ಲಿ ನಿಮ್ಮ ಹೆಸರೇ ಇದೆ. ಉತ್ಸವದ ಕಚೇರಿಯವರಿಗೆ ಇವತ್ತೇ ಎಲ್ಲ ತಿಳಿಸಿ ಅದನ್ನ ಖಾತ್ರಿ ಮಾಡಿಸ್ತೀನಿ. ಅರ್ಜಿ ನಾವೇ ಹಾಕೋಣ. ಅದಕ್ಕೆ ಯಾವ ಏಜೆಂಟೂ ಬೇಕಾಗಿಲ್ಲ. ಬೆಂಗಳೂರಿಗೆ ನಾನು ಕರ್ಕೊಂಡೋಗ್ತೀನಿ. ಸಮಯ ಕಮ್ಮಿ ಇದೆ, ಕೊಡ್ತಾರೆ ಅಂತ ನಾನು ಭಾಷೆ ಕೊಡಲ್ಲ. ಆದ್ರೆ ಈ ಸಲ ಕೇಳೋದಂತೂ ಕೇಳ್ತೀವಿ."

"ಕೇಳನ," ಎಂದರು ದೊಡ್ಡಮ್ಮ. "ನಾನೇ ಕೇಳ್ತೀನಿ. ಹತ್ತೂ ಬೆರಳು ತೋರ್ಸಿ ಕೇಳ್ತೀನಿ."

ಪ್ರೇಮ್‌ಕುಮಾರ್ ಎದ್ದು ತಂಬೂರಿಯನ್ನು ಅವರ ಕೈಗೆ ಒಪ್ಪಿಸಿದ. "ಅಮ್ಮಾ, ನೀವು ಹೋಗೋದಾದ್ರೆ ನಾನು ಹೋಗಲ್ಲ. ನಿಮ್ ಜಾಗ ನಂಗೆ ಬ್ಯಾಡ."

"ನಿನ್ ಜಾಗ ನಾನು ನೋಡ್ತೀನಿ ಇರು. ಕೈ ಚೆನ್ನಾಗದೆ. ಆದ್ರೆ ಮೂರ್ನೇ ಸಾಲಿಗೆ ಆತುರ ಬೀಳ್ತೀಯ. ಅದು ತಿದ್ಕೋಬೇಕು."

ಮೇಜಿನ ಮೇಲಿದ್ದ ಮಹೇಂದ್ರನ ಫೋನ್ ಗುಯ್ಗುಟ್ಟಿತು. ವಿದೇಶದ ನಂಬರು. ಅವನು ಹಿಡಿಯಲು ಕೈ ಚಾಚಿದ. ಅನುಪಮಾ ಅದಕ್ಕೆ ಮುಂಚೆ ಫೋನನ್ನು ತನ್ನ ಕಡೆ ಎಳೆದುಕೊಂಡಳು. ಮಾತಾಡಬೇಡ ಎಂದು ಅವನಿಗೆ ಬೆರಳಿನಿಂದ ಸನ್ನೆ ಮಾಡಿ ಸ್ಪೀಕರ್ ಒತ್ತಿದಳು.

ಎಲೋಡಿಯ ತೊದಲು ಕನ್ನಡವನ್ನು ಎಲ್ಲರೂ ನಿರೀಕ್ಷಿಸಿದ್ದರು. ಬಂದದ್ದು ಗಂಡು ದನಿ. ಮೈಸೂರಿನಲ್ಲೇ ಹುಟ್ಟಿ ಬೆಳೆದವರ ಸಲೀಸಾದ ಕನ್ನಡ.

"ಮಹೇಂದ್ರ? ಮುದುಕಿ ಬಂದು ಹೋದ್ಲಾ? ಏನೂ ಗಲಾಟೆ ಆಗ್ಲಿಲ್ಲ ತಾನೇ?"

ಮಹೇಂದ್ರ ಬೆವರೊರೆಸಿಕೊಂಡ. ದೊಡ್ಡಮ್ಮ ಹುಬ್ಬು ಗಂಟಿಕ್ಕಿ ಆ ದನಿಯನ್ನು ತೂಗುತ್ತಿದ್ದರು.

"ಯಾಕ್ರೀ ಮಾತಾಡ್ತಿಲ್ಲ? ಹೋಗ್ಲಿ, ಬೆಳಿಗ್ಗೆಯಿಂದ ಅವನ ಫೋನ್ ಸ್ವಿಚ್ ಆಫ್ ಬರ್ತಿದೆ. ಅಲ್ಲೇ ನಿಮ್ಮ ಆಫೀಸಲ್ಲೇ ಇರ್ತೀನಿ ಅಂದಿದ್ದ. ಇದಾನಾ? ಆ ಪದದ ರೆಕಾರ್ಡಿಂಗ್ ದುಡ್ಡಿನ ವಿಷಯ ಮಾತಾಡ್ಬೇಕು, ಸ್ವಲ್ಪ ಮನೋಹರನ ಕೈಗೆ ಫೋನ್ ಕೊಡಿ."

ಅನುಪಮಾ ತಿರುಗಿ ನೋಡುವಷ್ಟರಲ್ಲಿ ಮನೋಹರನ ಬೆನ್ನು ಗಾಜಿನ ಬಾಗಿಲಿಗೆ ಒತ್ತಿಕೊಂಡಿತ್ತು. ಅವನ ಬಾಯಿಗೆ ಆಣೆ ಹಾಕಲು ಈ ಸಲ ಯಾವ ದೇವರ ಹೆಸರೂ ಬರಲಿಲ್ಲ.

ದೊಡ್ಡಮ್ಮ ಮೇಜಿನ ಮೇಲಿಂದ ಫೋನ್ ಎತ್ತಿಕೊಂಡರು. ಅವನ ಎದುರಿಗೆ ಹೋಗಿ ನಿಂತರು.

"ತಗೋ ಮಗ," ಎಂದರು. "ನಿನಗಂತೆ."